ಹುಲ್ಲಿನ ಹಗ್ಗ, ಗೋಣಿಯ ಅಟ್ಟೆ

ಕೆಲಸಕ್ಕೆ ಅಂತ ಬಾರ್ಸಿಲೋನಾಕ್ಕೆ ಹೋದ ಮೊದಲ ವರ್ಷ. ಜೂನ್ ತಿಂಗಳು, ಸೆಕೆ ಅಂದರೆ ಸೆಕೆ. ನನ್ನ ಹತ್ತಿರ ಇದ್ದಿದ್ದು ಎರಡೇ ಜೊತೆ: ಆಫೀಸಿಗೆ ಹಾಕುವ ಮುಚ್ಚಿದ ಶೂ, ಬಚ್ಚಲಿಗೆ ಹಾಕುವ ರಬ್ಬರ್ ಚಪ್ಪಲಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ಶೂ ಒಳಗೆ ಬೆಂದುಹೋಗಿದ್ದ ನನ್ನ ಪಾದ ನೋಡಿ, ಶನಿವಾರ ಬಿಡುವು ಮಾಡಿಕೋ ಅಂದಳು. ಹಳೇ ಊರಿನ ಸಂದಿಗೊಂದಿಗಳಲ್ಲಿ ತಿರುಗಿಸಿ ತಿರುಗಿಸಿ ಒಂದು ಸಣ್ಣ ಅಂಗಡಿಗೆ ಕರೆದುಕೊಂಡು ಹೋದಳು. ನೆಲದಿಂದ ಸೂರಿನವರೆಗೆ ಮರದ ಗೂಡುಗಳು, ಗೂಡಿನ ತುಂಬ ಬಟ್ಟೆಯ ಚಪ್ಪಲಿಗಳು. ಬಣ್ಣಗಳೆಲ್ಲ ನನಗೆ ಆಮೇಲೆ ಕಂಡವು. ಹೊಸ್ತಿಲು ದಾಟುತ್ತಿದ್ದ ಹಾಗೆ ಮೊದಲು ಬಂದಿದ್ದು ವಾಸನೆ. ಗೋಣಿಚೀಲದ ವಾಸನೆ.

ಗೊತ್ತಿರುವವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಒಣ ಹುಲ್ಲು, ಸ್ವಲ್ಪ ಎಣ್ಣೆ, ಸ್ವಲ್ಪ ಧೂಳು, ಮುಚ್ಚಿದ ಕೋಣೆ. ನನ್ನ ತಾತ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸ ಮಾಡುತ್ತಿದ್ದರು. ಕೈಯಲ್ಲಿ ಒಂದು ಗೇಣುದ್ದದ ದಬ್ಬಣ, ಹೆಗಲ ಮೇಲೆ ಗೋಣಿ ದಾರದ ಕಂತೆ. ತುಂಬಿದ ಚೀಲದ ಎರಡು ಕಿವಿ ಹಿಡಿದು ಎಳೆದು, ಇತ್ತ ಚುಚ್ಚಿ ಅತ್ತ ಎಳೆದು, ನಾನು ಹತ್ತು ಎಣಿಸುವುದರೊಳಗೆ ಒಂದು ಚೀಲ ಮುಗಿಸಿಬಿಡುತ್ತಿದ್ದರು. ಶಾಲೆಗೆ ರಜ ಇದ್ದರೆ ನಾನು ಅಲ್ಲೇ ಖಾಲಿ ಚೀಲಗಳ ರಾಶಿ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದೆ. ಹೀಗಾಗಿ ಆ ಪರದೇಶದ ಅಂಗಡಿಯಲ್ಲಿ, ಭಾಷೆ ಕೂಡ ಸರಿಯಾಗಿ ಬಾರದ ಊರಿನಲ್ಲಿ, ಆ ವಾಸನೆ ಮೂಗಿಗೆ ಬಡಿದಾಗ ನಾನು ಒಂದು ನಿಮಿಷ ಸುಮ್ನೆ ನಿಂತುಬಿಟ್ಟೆ.

ಬಾಗಿಲ ಪಕ್ಕ ವಯಸ್ಸಾದ ಒಬ್ಬರು ತಗ್ಗು ಬೆಂಚಿನ ಮೇಲೆ ಕೂತು ಹೊಲಿಯುತ್ತಿದ್ದರು. ಅವರ ಕೈಯಲ್ಲಿ ಏನಿತ್ತು ಹೇಳಿ? ದಬ್ಬಣ.

ಈ ಚಪ್ಪಲಿಗೆ ಪ್ರಪಂಚದ ಹೆಚ್ಚಿನ ಕಡೆ ಎಸ್ಪಡ್ರಿಲ್ ಅನ್ನುತ್ತಾರೆ. ನೀವೂ ನೋಡಿರುತ್ತೀರಿ, ಬೇಸಿಗೆಯಲ್ಲಿ ಮಾಲ್‌ಗಳಲ್ಲಿ ಬರುತ್ತವೆ: ಮೇಲೆ ಬಟ್ಟೆ, ಕೆಳಗೆ ಹಗ್ಗ ಸುತ್ತಿದ ಅಟ್ಟೆ. ಅಟ್ಟೆಯ ಸುತ್ತ ಹಗ್ಗದ ಅಂಟು ಪಟ್ಟಿ ಹಚ್ಚಿ ಒಳಗೆ ಪ್ಲಾಸ್ಟಿಕ್ ತುಂಬಿದವೂ ಬೇಕಾದಷ್ಟು ಇವೆ, ಅವನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ. ನಿಜವಾದದ್ದರಲ್ಲಿ ಅಟ್ಟೆ ಅಂದರೆ ಪೂರ್ತಿ ಹಗ್ಗವೇ. ಮೊದಲು ನಾರಿನ ಹುರಿಗಳನ್ನು ಸೇರಿಸಿ ಜಡೆ ಹೆಣೆಯುತ್ತಾರೆ. ಆ ಜಡೆಯನ್ನು ಪಾದದ ಆಕಾರಕ್ಕೆ, ಒಳಗಿನಿಂದ ಹೊರಗೆ, ಸುತ್ತು ಹಾಕುತ್ತಾ ಹೋಗುತ್ತಾರೆ. ಅಡ್ಡಡ್ಡ ಹಿಚುಕಿದ ಚಕ್ಕುಲಿ ನೆನೆಸಿಕೊಳ್ಳಿ, ಅಥವಾ ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಸಿಂಬೆಯನ್ನು ಉದ್ದಕ್ಕೆ ಎಳೆದರೆ ಹೇಗೋ ಹಾಗೆ. ಆಮೇಲೆ ಉದ್ದನೆ ದಬ್ಬಣ ತೆಗೆದುಕೊಂಡು ಅಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಎಲ್ಲ ಸುತ್ತುಗಳನ್ನೂ ತೂರಿಕೊಂಡು, ಅಡ್ಡಕ್ಕೆ ಹೊಲಿಯುತ್ತಾರೆ. ಈ ಹೊಲಿಗೆ ಹೊರಗೆ ಕಾಣುವುದು ಅಂಚಿನಲ್ಲಿ ಒಂದು ಚುಕ್ಕಿಯಾಗಿ ಮಾತ್ರ. ಆದರೆ ಚಪ್ಪಲಿಯ ಜೀವ ಇರುವುದು ಅಲ್ಲೇ.

ಮೇಲಿನ ಬಟ್ಟೆ ಹೊಲಿಯುವುದು ಬೇರೆ ಕೆಲಸ, ಬೇರೆ ಕೈ. ಮುಂದಕ್ಕೊಂದು ತುಂಡು, ಹಿಮ್ಮಡಿಗೊಂದು ತುಂಡು, ಅಷ್ಟೇ. ಅಂಗಡಿಯ ಹಿರಿಯರು ಮುಂದಿನ ತುಂಡನ್ನು ಅಟ್ಟೆಯ ಮೇಲಿಟ್ಟು, ಮೂತಿಯ ಹತ್ತಿರ ಸಣ್ಣ ಸಣ್ಣ ನೆರಿಗೆ ಹಿಡಿದು, ಬೆರಳಗಲಕ್ಕೆ ಒಂದರಂತೆ ಹೊಲಿಗೆ ಹಾಕುತ್ತಾ ಹೋದರು. ಪ್ರತಿ ಹೊಲಿಗೆಗೂ ದಾರ ಎಳೆದು ಬಿಗಿ ಮಾಡುವಾಗ ಒಂದು ಸಣ್ಣ ಕಿರ್ ಸದ್ದು. ನಾನು ಕಣ್ಣು ಮುಚ್ಚಿಕೊಂಡಿದ್ದರೂ ಅದು ಯಾವ ಸದ್ದು ಅಂತ ಹೇಳುತ್ತಿದ್ದೆ. ಅಂಗೈಗೆ ಅವರೊಂದು ಚರ್ಮದ ಪಟ್ಟಿ ಕಟ್ಟಿಕೊಂಡಿದ್ದರು, ದಬ್ಬಣ ನೂಕುವಾಗ ಕೈಗೆ ಚುಚ್ಚದಿರಲಿ ಅಂತ. ತಾತ ಅದಕ್ಕೆ ಹಳೇ ಟೈರಿನ ಟ್ಯೂಬು ಕತ್ತರಿಸಿ ಸುತ್ತಿಕೊಳ್ಳುತ್ತಿದ್ದರು.

ಒಂದು ಜೊತೆ ಕೊಟ್ಟರು. ಹಾಕಿಕೊಂಡೆ. ಎಡ ಯಾವುದು ಬಲ ಯಾವುದು ಗೊತ್ತಾಗಲಿಲ್ಲ. ಕೇಳಿದೆ. ಅವರು ನಕ್ಕು, ಹಳೇ ಪದ್ಧತಿಯ ಚಪ್ಪಲಿಗೆ ಎಡಬಲ ಇಲ್ಲ, ಎರಡೂ ಒಂದೇ, ಹಾಕುತ್ತಾ ಹಾಕುತ್ತಾ ನಿನ್ನ ಕಾಲೇ ಅದಕ್ಕೆ ಹೇಳಿಕೊಡುತ್ತದೆ ಅಂದರು. ಬೆರಳು ಮುಂದೆ ತಾಕುತ್ತಿದೆ, ಒಂದು ಸೈಜು ದೊಡ್ಡದು ಕೊಡಿ ಅಂದರೆ ಕೊಡಲೇ ಇಲ್ಲ. ಬಿಗಿಯಾಗಿಯೇ ಇರಬೇಕಂತೆ, ಬಟ್ಟೆ ಸಡಿಲ ಆಗುತ್ತದೆ, ಅಟ್ಟೆ ತಗ್ಗುತ್ತದೆ, ವಾರದಲ್ಲಿ ನಿನ್ನದಾಗುತ್ತದೆ ಅಂದರು. ನಿಜಕ್ಕೂ ಹಾಗೇ ಆಯಿತು.

ಆ ಬೇಸಿಗೆಯಿಂದ ಈ ಚಪ್ಪಲಿಯ ಬೆನ್ನು ಹತ್ತಿದ್ದೇನೆ. ಓದಿದ್ದೇನೆ, ಊರುಗಳಿಗೆ ಹೋಗಿದ್ದೇನೆ. ಇವತ್ತು ಅದನ್ನೆಲ್ಲ ಬರೆದುಬಿಡೋಣ ಅನ್ನಿಸಿತು.

ಹೆಸರಿನಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಹೆಸರಿನಲ್ಲೇ ಹುಲ್ಲಿದೆ. ಎಸ್ಪಡ್ರಿಲ್ ಅನ್ನುವುದು ಫ್ರೆಂಚರ ಪದ. ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಸೀಮೆಯವರ ಕ್ಯಾಟಲಾನ್ ಭಾಷೆಯಲ್ಲಿ ಎಸ್ಪರ್ದೆನ್ಯಾ. ಎರಡರ ಬೇರೂ ಎಸ್ಪಾರ್ತೊ. ಸ್ಪೇನಿನ ಆಗ್ನೇಯ ಭಾಗದಲ್ಲೂ ಸಮುದ್ರದಾಚೆ ಉತ್ತರ ಆಫ್ರಿಕಾದಲ್ಲೂ, ಮಳೆ ಇಲ್ಲದ ಬರಡು ಗುಡ್ಡಗಳಲ್ಲಿ ತಾನೇ ತಾನಾಗಿ ಬೆಳೆಯುವ ಒರಟು ಹುಲ್ಲು ಅದು. ಯಾರೂ ಬಿತ್ತಬೇಕಾಗಿಲ್ಲ. ಬೇರೇನೂ ಬೆಳೆಯದ ಕಡೆ ಅದು ಬೆಳೆಯುತ್ತದೆ. ಸ್ಪೇನಿನ ಉಳಿದವರು ಇದೇ ಚಪ್ಪಲಿಗೆ ಅಲ್ಪಾರ್ಗಾತಾ ಅನ್ನುತ್ತಾರೆ. ಆ ಪದದ ಮುಂದಿರುವ ಅಲ್ ಅರಬ್ಬರು ಬಿಟ್ಟುಹೋದದ್ದು. ಸ್ಪೇನ್ ಮತ್ತು ಫ್ರಾನ್ಸಿನ ಗಡಿಯ ಎರಡೂ ಬದಿ ಇರುವ ಬಾಸ್ಕ್ ಜನ ಎಸ್ಪಾರ್ತಿನ್ ಅನ್ನುತ್ತಾರೆ.

ರೋಮಿನ ಪ್ಲಿನಿ ಅಂತ ಒಬ್ಬ, ಕ್ರಿಸ್ತಶಕ ಮೊದಲ ಶತಮಾನದವನು, ಈ ಹುಲ್ಲಿನ ಬಗ್ಗೆ ಬರೆದಿಟ್ಟಿದ್ದಾನೆ. ಈಗಿನ ಕಾರ್ತಾಹೇನಾ ಪಟ್ಟಣದ ಸುತ್ತಮುತ್ತಲಿನ ಹಳ್ಳಿಯವರು ಇದರಲ್ಲೇ ಹಾಸಿಗೆ ಮಾಡಿಕೊಳ್ಳುತ್ತಾರೆ, ಇದರಲ್ಲೇ ಬೆಂಕಿ ಹಚ್ಚುತ್ತಾರೆ, ಪಂಜು ಮಾಡುತ್ತಾರೆ, ಕುರಿ ಕಾಯುವವರ ಬಟ್ಟೆಯೂ ಇದೇ, ಕಾಲಿಗೆ ಹಾಕುವುದೂ ಇದೇ ಅನ್ನುತ್ತಾನೆ. ನನಗೆ ತುಂಬಾ ಇಷ್ಟವಾಗಿದ್ದು ಹುಲ್ಲು ಕೀಳುವ ರೀತಿಯನ್ನು ಅವನು ಹೇಳಿರುವುದು. ಕುಡುಗೋಲಿನಲ್ಲಿ ಕೊಯ್ಯುವುದಿಲ್ಲ. ಕಾಲಿಗೆ ಕೈಗೆ ಏನಾದರೂ ಸುತ್ತಿಕೊಂಡು, ಮೂಳೆಯದೋ ಮರದ್ದೋ ಒಂದು ಸಣ್ಣ ಕಡ್ಡಿಗೆ ಹುಲ್ಲಿನ ಎಸಳುಗಳನ್ನು ಸುತ್ತಿ ಜಗ್ಗುತ್ತಾರೆ. ಇಪ್ಪತ್ತನೇ ಶತಮಾನದ ಸ್ಪೇನಿನ ಹುಲ್ಲು ಕೀಳುವವರೂ ಮಾಡುತ್ತಿದ್ದದ್ದು ಅದನ್ನೇ. ಕೈಗೆ ಒಂದು ಗಿಡ್ಡ ಕೋಲು, ಅದಕ್ಕೆ ಹುಲ್ಲು ಸುತ್ತಿ ಒಂದು ಜಗ್ಗು. ಎರಡು ಸಾವಿರ ವರ್ಷ ಒಂದು ಕೆಲಸ ಬದಲಾಗದೆ ಉಳಿದಿದೆ ಅಂದರೆ, ಅದನ್ನು ಅದಕ್ಕಿಂತ ಚೆನ್ನಾಗಿ ಮಾಡುವ ದಾರಿ ಯಾರಿಗೂ ಸಿಗಲಿಲ್ಲ ಅಂತಲೇ ಅಲ್ವಾ? ಕಿತ್ತ ಹುಲ್ಲನ್ನು ಒಣಗಿಸಿ, ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿ, ಮತ್ತೆ ಒಣಗಿಸಿ, ಮರದ ಕೊಡತಿಯಿಂದ ಬಡಿದು ಬಡಿದು ಮೆತ್ತಗೆ ಮಾಡಿದರೆ ಹೆಣೆಯುವ ನಾರು ಸಿದ್ಧ. 2019ರಲ್ಲಿ ಸ್ಪೇನ್ ಸರ್ಕಾರ ಈ ಎಸ್ಪಾರ್ತೊ ಕಸುಬನ್ನು ತನ್ನ ದೇಶದ ಪರಂಪರೆಗಳಲ್ಲಿ ಒಂದು ಅಂತ ಅಧಿಕೃತವಾಗಿ ಘೋಷಿಸಿತು.

ಪ್ಲಿನಿ ಹಳಬ ಅಂದುಕೊಂಡರೆ, ಇನ್ನೂ ಹಿಂದಿದೆ ಕತೆ.

ಗ್ರನಾಡಾ ಪ್ರಾಂತದ ಕರಾವಳಿ ಕಡೆ ಅಲ್ಬುನ್ಯೋಲ್ ಅಂತ ಒಂದು ಊರು. ಅದರ ಹತ್ತಿರ ಬಾವಲಿಗಳ ಗುಹೆ ಅಂತಲೇ ಹೆಸರಿರುವ ಗುಹೆ. 1857ರಲ್ಲಿ ಗಣಿ ಕೆಲಸದವರು ಅದಿರು ಹುಡುಕಿಕೊಂಡು ಅದರೊಳಗೆ ಹೋದರು. ಒಣ ಗಾಳಿಗೆ ಕೊಳೆಯದೆ ಉಳಿದಿದ್ದ ಹೆಣಗಳು ಸಿಕ್ಕವು. ಅವುಗಳ ಜೊತೆ ಹುಲ್ಲಿನ ಬುಟ್ಟಿಗಳು, ಹುಲ್ಲಿನ ಚಪ್ಪಲಿಗಳು. ಅವರಿಗೆ ಬೇಕಾಗಿದ್ದು ಅದಿರು, ಹಾಗಾಗಿ ಇವೆಲ್ಲ ಗುಡ್ಡದ ಮೇಲೆ ಚೆಲ್ಲಾಪಿಲ್ಲಿಯಾದವು, ಕೆಲವು ಊರವರ ಕೈ ಸೇರಿದವು. ಹತ್ತು ವರ್ಷದ ನಂತರ ಮಾನ್ಯುಯೆಲ್ ದೆ ಗೊಂಗೊರಾ ಅನ್ನುವ ವಿದ್ವಾಂಸ ಅಲ್ಲಿಗೆ ಹೋಗಿ, ಉಳಿದದ್ದನ್ನು ಕೂಡಿಸಿ, ಜನರನ್ನು ವಿಚಾರಿಸಿ, 1868ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. ಅವರು ಹೋಗದಿದ್ದರೆ ಇವತ್ತು ನಮಗೆ ಏನೂ ಉಳಿಯುತ್ತಿರಲಿಲ್ಲ. ಆ ವಸ್ತುಗಳಲ್ಲಿ 76ನ್ನು ಸ್ಪೇನಿನ ಸಂಶೋಧಕರು ಮತ್ತೆ ಪರೀಕ್ಷೆ ಮಾಡಿ 2023ರಲ್ಲಿ ಫಲಿತಾಂಶ ಹೊರಗೆ ತಂದರು. ಬುಟ್ಟಿಗಳಲ್ಲಿ ಕೆಲವು 9,500 ವರ್ಷ ಹಳೆಯವು, ಚಪ್ಪಲಿಗಳು ಸುಮಾರು 6,200 ವರ್ಷದವು.

ಮ್ಯಾಡ್ರಿಡ್‌ನ ರಾಷ್ಟ್ರೀಯ ಪುರಾತತ್ವ ವಸ್ತು ಸಂಗ್ರಹಾಲಯದಲ್ಲಿ ಈ ಗುಹೆಯ ವಸ್ತುಗಳನ್ನು ಇಟ್ಟಿದ್ದಾರೆ. ನಾನು ಗಾಜಿಗೆ ಮೂಗು ತಾಗಿಸಿ ನಿಂತಿದ್ದೆ. ಜಡೆಯಂತೆ ಸುತ್ತಿ ಹೆಣೆದ ಅಟ್ಟೆ, ಕಾಲಿಗೆ ಕಟ್ಟಿಕೊಳ್ಳಲು ಹುಲ್ಲಿನದೇ ಎಳೆ. ಇದು ಯಾರದೋ ಅಜ್ಜಿ ನಿನ್ನೆ ಹೆಣೆದು ಬಿಸಿಲಿಗೆ ಇಟ್ಟಿದ್ದು ಅಂದರೂ ನಂಬಬಹುದು. ಸಂಶೋಧಕರು ಹೇಳಿದ ಒಂದು ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಆ ಚಪ್ಪಲಿಗಳಲ್ಲಿ ಕೆಲವು ಚೆನ್ನಾಗಿ ಸವೆದಿವೆ. ಕೆಲವು ಮಾತ್ರ ಒಂದು ದಿನವೂ ಹಾಕಿಕೊಂಡಂತೆ ಕಾಣುವುದಿಲ್ಲ. ಅಂದರೆ ಸತ್ತವರಿಗೆ ಹಾಕಿ ಕಳಿಸಲು ಅಂತಲೇ ಹೊಸದಾಗಿ ಹೆಣೆದಿದ್ದಿರಬೇಕು. ದಾರಿಯಲ್ಲಿ ಕಾಲು ನೋಯದಿರಲಿ ಅಂತ ಯಾರೋ ಕೂತು ಹುಲ್ಲು ಬಡಿದು, ಹೊಸೆದು, ಹೆಣೆದು ಕೊಟ್ಟಿದ್ದಾರೆ. ಆರು ಸಾವಿರ ವರ್ಷದ ಹಿಂದೆ.

ಇಷ್ಟು ಹಳೆಯ ಚಪ್ಪಲಿ ಇತ್ತೀಚಿನವರೆಗೂ ಬಡವರ ಚಪ್ಪಲಿಯೇ. ಚರ್ಮ ದುಬಾರಿ, ಹುಲ್ಲು ಬಿಟ್ಟಿ. ರೈತರು, ಕುರುಬರು, ಸಿಪಾಯಿಗಳು, ಗಣಿ ಕೆಲಸದವರು ಹಾಕಿದರು. ಎಸ್ಪಾರ್ತೊ ಬೆಳೆಯದ ಉತ್ತರದ ಕಡೆ ಗಾಂಜಾ ಜಾತಿಯ ಗಿಡದ ನಾರಿನಲ್ಲಿ ಅಟ್ಟೆ ಮಾಡುತ್ತಿದ್ದರು. ಆಮೇಲೆ, ಹತ್ತೊಂಬತ್ತನೇ ಶತಮಾನದಲ್ಲಿ, ಹಡಗಿನಲ್ಲಿ ಹೊಸ ನಾರು ಬಂತು. ಅದು ಬಂದಿದ್ದು ಬಂಗಾಳದಿಂದ.

ಆ ಅಂಗಡಿಯ ವಾಸನೆಗೆ ಉತ್ತರ ಇಲ್ಲಿದೆ. ಅದು ನಮ್ಮ ಗೋಣಿಚೀಲದ ಸೆಣಬೇ. ಗಂಗೆ ಬ್ರಹ್ಮಪುತ್ರಗಳ ನೆರೆ ಮಣ್ಣಿನಲ್ಲಿ ಆಳೆತ್ತರ ಮೀರಿ ಬೆಳೆಯುವ ಗಿಡ. ಕಡಿದು ಕಟ್ಟು ಕಟ್ಟಿ ಹೊಂಡದ ನೀರಿನಲ್ಲಿ ಮುಳುಗಿಸಿ ಕೊಳೆಯಲು ಬಿಡುತ್ತಾರೆ, ಆಮೇಲೆ ಸೊಂಟದುದ್ದ ನೀರಿನಲ್ಲಿ ನಿಂತು ಕಡ್ಡಿಯಿಂದ ನಾರು ಸುಲಿಯುತ್ತಾರೆ. ಈ ಒರಟು ನಾರನ್ನು ಯಂತ್ರದಲ್ಲಿ ನೂಲುವುದು ಹೇಗೆ ಅಂತ ಕಂಡುಕೊಂಡದ್ದು ಸ್ಕಾಟ್ಲೆಂಡಿನ ಡಂಡೀ ಊರಿನವರು. ತಿಮಿಂಗಿಲದ ಎಣ್ಣೆ ಹಾಕಿ ಮೆತ್ತಗೆ ಮಾಡಿದರಂತೆ. 1855ರಲ್ಲಿ ಕಲ್ಕತ್ತಾದ ಹತ್ತಿರ ಹೂಗ್ಲಿ ದಂಡೆಯ ರಿಷ್ರಾದಲ್ಲಿ ನಮ್ಮ ದೇಶದ ಮೊದಲ ಸೆಣಬಿನ ಗಿರಣಿ ಬಂತು. ಅಲ್ಲಿಂದ ಗೋಣಿ ಇಡೀ ಪ್ರಪಂಚಕ್ಕೆ ಹೋಯಿತು, ಗೋಣಿ ಅನ್ನುವ ಪದವೇ ಇಂಗ್ಲಿಷಿಗೂ ಹೋಗಿ ಗನ್ನಿ ಆಯಿತು. ತಿಪಟೂರಿನ ಕೊಬ್ಬರಿ ತುಂಬಿದ್ದೂ ಆ ನಾರಿನ ಚೀಲದಲ್ಲೇ, ಸ್ಪೇನ್ ಮತ್ತು ಫ್ರಾನ್ಸಿನ ನಡುವಿನ ಪಿರೆನೀಸ್ ಬೆಟ್ಟದ ಕುರುಬನ ಅಟ್ಟೆಗೆ ಬಂದಿದ್ದೂ ಆ ನಾರೇ. ಈಗಂತೂ ಯುರೋಪಿನ ಅಂಗಡಿಗಳಲ್ಲಿ ಮಾರುವ ಎಷ್ಟೋ ಎಸ್ಪಡ್ರಿಲ್‌ಗಳ ಅಟ್ಟೆ ಬಾಂಗ್ಲಾದೇಶದಲ್ಲೇ ಸಿದ್ಧವಾಗಿ ಬರುತ್ತದೆ. ಮೆಡಿಟರೇನಿಯನ್ ಬೇಸಿಗೆ ಅಂತ ಫೋಟೋದಲ್ಲಿ ತೋರಿಸುವ ಆ ಕಾಲುಗಳ ಕೆಳಗೆ ಪದ್ಮಾ ನದಿಯ ನೀರಿನಲ್ಲಿ ಕೊಳೆತ ನಾರಿದೆ. ಇದನ್ನು ಯಾರಾದರೂ ಪೆಟ್ಟಿಗೆ ಮೇಲೆ ಬರೆಯಬೇಕು ಅಂತ ನನಗೆ ಆಸೆ.

ಈ ಚಪ್ಪಲಿಯ ಕತೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದವರ ಬಗ್ಗೆ ಈಗ ಹೇಳುತ್ತೇನೆ.

ಫ್ರಾನ್ಸಿನ ಬಾಸ್ಕ್ ಸೀಮೆಯಲ್ಲಿ, ಪಿರೆನೀಸ್ ಬೆಟ್ಟದ ತಪ್ಪಲಿನಲ್ಲಿ ಮೊಲೆಯೋನ್ ಅಂತ ಚಿಕ್ಕ ಊರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅದು ಎಸ್ಪಡ್ರಿಲ್‌ಗಳ ರಾಜಧಾನಿ. ಉತ್ತರ ಫ್ರಾನ್ಸಿನ ಕಲ್ಲಿದ್ದಲು ಗಣಿಗಳವರು ರಾಶಿಗಟ್ಟಲೆ ಕೊಳ್ಳುತ್ತಿದ್ದರು, ಹಗ್ಗದ ಚಪ್ಪಲಿ ಗಣಿಯೊಳಗೆ ಬಹಳ ದಿನ ಬಾಳುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಬೇಕು. ಕೆಲಸ ಇತ್ತು, ಕೈ ಸಾಲದು. ಬೆಟ್ಟದ ಆಚೆ ಬದಿ, ಸ್ಪೇನಿನಲ್ಲಿ, ರೊಂಕಾಲ್, ಸಲಾಸಾರ್, ಅನ್ಸೊ ಅನ್ನುವ ಕಣಿವೆಗಳು. ಚಳಿಗಾಲದಲ್ಲಿ ಅಲ್ಲಿ ಹಿಮ ಬಿದ್ದರೆ ಕೆಲಸವೇ ಇಲ್ಲ. ಶರತ್ಕಾಲ ಬಂತು ಅಂದರೆ ಗಂಡಸರು ಕುರಿ ಹೊಡೆದುಕೊಂಡು ದಕ್ಷಿಣಕ್ಕೆ, ಬಾರ್ದೇನಾಸ್ ಬಯಲಿಗೆ ಇಳಿಯುತ್ತಿದ್ದರು. ಹುಡುಗಿಯರು ಉತ್ತರಕ್ಕೆ ಹತ್ತುತ್ತಿದ್ದರು.

ಹದಿನೈದು ಹದಿನಾರರ ಹುಡುಗಿಯರು, ಕೆಲವರು ಇನ್ನೂ ಚಿಕ್ಕವರು. ಅಕ್ಟೋಬರ್ ತಿಂಗಳಲ್ಲಿ ಗುಂಪು ಗುಂಪಾಗಿ, ಕಪ್ಪು ಬಟ್ಟೆ ತೊಟ್ಟು, ಗಂಟು ಹೊತ್ತು, ಬೆಟ್ಟದ ಕಣಿವೆ ದಾರಿಗಳನ್ನು ನಡೆದೇ ದಾಟಿ ಮೊಲೆಯೋನಿಗೆ ಬರುತ್ತಿದ್ದರು. ಚಳಿಗಾಲ ಪೂರ್ತಿ ಚಪ್ಪಲಿಯ ಮೇಲ್ಬಟ್ಟೆ ಹೊಲಿದು, ಹಿಮ ಕರಗಿದ ಮೇಲೆ, ಬೇಸಿಗೆಯ ಹೊತ್ತಿಗೆ ಮತ್ತೆ ನಡೆದು ಊರಿಗೆ ವಾಪಸ್. ಅವರನ್ನು ಜನ ಕರೆಯುತ್ತಿದ್ದದ್ದು ಕವಲುತೋಕೆ ಹಕ್ಕಿಗಳು ಅಂತ. ಫ್ರೆಂಚಿನಲ್ಲಿ ಇರೊಂದೆಲ್, ಬಾಸ್ಕ್ ಭಾಷೆಯಲ್ಲಿ ಐನಾರಾಕ್. ಋತುವಿಗೆ ಸರಿಯಾಗಿ ಕಪ್ಪಗೆ ಹಿಂಡು ಹಿಂಡಾಗಿ ಬಂದು ಹೋಗುವ ಹಕ್ಕಿಗಳು. 1930ರ ದಶಕದವರೆಗೂ ಇದು ನಡೆಯಿತು, ಸ್ಪೇನಿನ ಅಂತರ್ಯುದ್ಧ ಬಂದು ಗಡಿ ದಾರಿಗಳು ಮುಚ್ಚುವವರೆಗೂ.

ನಮ್ಮಲ್ಲಿ ಇದಕ್ಕೆ ಗುಳೆ ಅನ್ನುತ್ತೇವೆ. ಹಕ್ಕಿ ಅನ್ನುವ ಹೆಸರು ಕೇಳಲು ಚೆಂದ. ಆದರೆ ಹಿಮದಲ್ಲಿ ನಡೆದ ಕಾಲುಗಳಿಗೆ ಗುಳೆ ಅನ್ನುವ ಪದವೇ ಹತ್ತಿರ. ರಾಯಚೂರು ಕಡೆಯಿಂದ ಗಂಟು ಮೂಟೆ ಕಟ್ಟಿಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಇಳಿಯುವವರನ್ನು ನೋಡಿದವರಿಗೆ ಈ ಹುಡುಗಿಯರು ಗುರುತು ಸಿಗುತ್ತಾರೆ. ಅವರು ದುಡಿದ ದುಡ್ಡು ಹೋಗುತ್ತಿದ್ದದ್ದು ಎಲ್ಲಿಗೆ ಗೊತ್ತಾ? ಮದುವೆಗೆ. ಬಟ್ಟೆ, ಹಾಸಿಗೆಯ ಹೊದಿಕೆ, ಪಾತ್ರೆಪಡಗ ಕೊಂಡು, ಅದನ್ನೂ ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತುತ್ತಿದ್ದರು.

ಮೊಲೆಯೋನಿನಲ್ಲಿ ಈಗ ಕೆಲವೇ ಕಾರ್ಖಾನೆಗಳು ಉಳಿದಿವೆ. ಪ್ರತಿ ವರ್ಷ ಆಗಸ್ಟ್ 15ಕ್ಕೆ ಅಲ್ಲಿ ಎಸ್ಪಡ್ರಿಲ್ ಹಬ್ಬ ನಡೆಯುತ್ತದೆ, ನಮ್ಮ ಸ್ವಾತಂತ್ರ್ಯ ದಿನದಂದೇ. ನಾನು ಒಂದು ಸಲ ಹೋಗಿದ್ದೆ. ಬೀದಿಯಲ್ಲಿ ಒಬ್ಬ ಅಜ್ಜಿ ಮರದ ಕುರ್ಚಿ ಹಾಕಿಕೊಂಡು ಹೊಲಿದು ತೋರಿಸುತ್ತಿದ್ದರು. ಬೆರಳಿನ ಗೆಣ್ಣುಗಳು ಸೊಟ್ಟಗಾಗಿದ್ದವು. ಆದರೂ ದಾರ ಎಳೆಯುವ ವೇಗ ಒಂದಿಷ್ಟೂ ತಪ್ಪುತ್ತಿರಲಿಲ್ಲ. ನಾನು ಅವರ ಎದುರು ಕೂತು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ, ಕೊನೆಗೆ ಅವರೇ ದಬ್ಬಣ ನನ್ನ ಕೈಗೆ ಕೊಟ್ಟರು. ಮೂರು ಹೊಲಿಗೆ ಹಾಕಿದೆ. ಮೂರನೆಯದಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಒಂದು ಜೊತೆ ಚಪ್ಪಲಿಗೆ ಇಂಥ ಹೊಲಿಗೆ ಎಷ್ಟು ಬೇಕು ಅಂತ ಅವತ್ತು ಕೈಗೆ ಗೊತ್ತಾಯಿತು.

ಬಾಸ್ಕ್ ಜನ ಹೊಟ್ಟೆಪಾಡಿಗೆ ಅಂತ ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿದಾಗ ಚಪ್ಪಲಿಯೂ ಅವರ ಜೊತೆ ಹೋಯಿತು. ಅರ್ಜೆಂಟೀನಾದ ದನಗಾಹಿಗಳು ಅದನ್ನು ತಮ್ಮದೇ ಮಾಡಿಕೊಂಡರು. 1880ರ ದಶಕದಲ್ಲಿ ಒಬ್ಬ ಬಾಸ್ಕ್ ಮೂಲದವನೂ ಒಬ್ಬ ಸ್ಕಾಟ್ಲೆಂಡಿನವನೂ ಸೇರಿ ಅಲ್ಲಿ ಅಲ್ಪಾರ್ಗಾತಾಸ್ ಅನ್ನುವ ಕಂಪನಿ ಕಟ್ಟಿದರು. ಅಲ್ಲಿ ಈ ಚಪ್ಪಲಿ ಎಷ್ಟರ ಮಟ್ಟಿಗೆ ಕೂಲಿಯವರ ಗುರುತಾಗಿತ್ತು ಅಂದರೆ, 1945ರಲ್ಲಿ, ಮುಂದೆ ಆ ದೇಶದ ಅಧ್ಯಕ್ಷನಾದ ಪೆರೋನ್ ಪರವಾಗಿ ಬೀದಿಗಿಳಿದ ಕಾರ್ಮಿಕರು ವಿಶ್ವವಿದ್ಯಾಲಯದವರ ವಿರುದ್ಧ ಕೂಗಿದ ಘೋಷಣೆಯೇ, ಅಲ್ಪಾರ್ಗಾತಾ ಬೇಕು, ಪುಸ್ತಕ ಬೇಡ. ಪುಸ್ತಕ ಬೇಡ ಅನ್ನುವುದನ್ನು ನಾನು ಒಪ್ಪಲಾರೆ, ಆದರೆ ಒಂದು ಚಪ್ಪಲಿ ಬಾವುಟದ ಹಾಗೆ ಆಗಿದ್ದು ಯಾಕೆ ಅಂತ ಅರ್ಥ ಆಗುತ್ತದೆ. ಇದೇ ಕಂಪನಿಯ ಕೊಂಬೆ 1907ರಲ್ಲಿ ಬ್ರೆಜಿಲ್‌ನಲ್ಲಿ ಶುರುವಾಯಿತು, 1962ರಲ್ಲಿ ಅಲ್ಲಿಂದಲೇ ಹವಾಯಾನಾಸ್ ಅನ್ನುವ ರಬ್ಬರ್ ಚಪ್ಪಲಿ ಬಂತು. ಬಿಳಿ ಅಟ್ಟೆ, ನೀಲಿ ಪಟ್ಟಿ. ನಾವು ಹವಾಯಿ ಚಪ್ಪಲಿ ಅಂತ ಬಚ್ಚಲ ಬಾಗಿಲಲ್ಲಿ ಬಿಡುತ್ತೇವಲ್ಲ, ಥೇಟ್ ಹಾಗೇ. ಹಗ್ಗದ ಚಪ್ಪಲಿಯವರ ಮನೆಯಲ್ಲೇ ರಬ್ಬರ್ ಚಪ್ಪಲಿ ಹುಟ್ಟಿತು.

ಸ್ಪೇನಿನಲ್ಲಿ 1936ರಲ್ಲಿ ಅಂತರ್ಯುದ್ಧ ಶುರುವಾದಾಗ ರಿಪಬ್ಲಿಕ್ ಪರವಾದ, ಅಂದರೆ ಆಗಿನ ಚುನಾಯಿತ ಸರ್ಕಾರದ ಪರವಾದ ಎಷ್ಟೋ ಸಿಪಾಯಿಗಳು ಕಾದಾಡಿದ್ದು ಈ ಚಪ್ಪಲಿಯಲ್ಲೇ. ಬನ್ಯೋಲೆಸ್ ಊರಿನ ಕಸ್ತನ್ಯೇರ್ ಅನ್ನುವ ಮನೆತನದ ಕಾರ್ಖಾನೆಯನ್ನು ಸರ್ಕಾರವೇ ವಶಕ್ಕೆ ತೆಗೆದುಕೊಂಡು ಸೈನ್ಯಕ್ಕೆ ಚಪ್ಪಲಿ ಮಾಡಿಸಿತು. ಅದೇ ಮನೆತನದವರ ಹತ್ತಿರ 1970ರ ದಶಕದ ಶುರುವಿನಲ್ಲಿ ಪ್ಯಾರಿಸ್ಸಿನ ಹೆಸರಾಂತ ಉಡುಪು ವಿನ್ಯಾಸಕ ಈವ್ ಸಾಂ ಲೊರಾಂ ಬಂದು, ಇದಕ್ಕೆ ಎತ್ತರದ ಹಿಮ್ಮಡಿ ಹಾಕಿ ಕೊಡಿ ಅಂತ ಕೇಳಿದ್ದು. ಸಿಪಾಯಿಯ ಕಾಲಿನಿಂದ ಪ್ಯಾರಿಸ್ಸಿನ ಹೆಂಗಸರ ಕಾಲಿಗೆ ಹೋಗಲು ಮೂವತ್ತೈದು ವರ್ಷ ಸಾಕಾಯಿತು. ಅಷ್ಟು ಹೊತ್ತಿಗೆ ಜನಕ್ಕೆ ಕೊಳ್ಳುವ ಶಕ್ತಿ ಬಂದು, ಹೊಲದಲ್ಲಿ ಇದನ್ನು ಹಾಕುವವರು ಕಮ್ಮಿಯಾಗಿ, ಈ ಕಸುಬು ಮುಳುಗುವ ಹಂತದಲ್ಲಿತ್ತು. ಆ ಎತ್ತರದ ಹಿಮ್ಮಡಿ ಅದನ್ನು ಉಳಿಸಿತು. ನನಗೆ ಹಿಮ್ಮಡಿಯ ಎಸ್ಪಡ್ರಿಲ್ ಇಷ್ಟ ಇಲ್ಲ, ಅದರಲ್ಲಿ ನೆಲ ದೂರ ಆಗುತ್ತದೆ. ಆದರೆ ಎಷ್ಟೋ ಮನೆಗಳ ಒಲೆ ಅದರಿಂದ ಉರಿದಿದೆ, ಅದಕ್ಕೆ ಅದರ ಮೇಲೆ ಗೌರವ ಇದೆ.

ಕ್ಯಾಟಲೋನಿಯಾದಲ್ಲಿ ಈ ಚಪ್ಪಲಿ ಫ್ಯಾಷನ್‌ಗಾಗಿ ಕಾಯಲಿಲ್ಲ. ಭಾನುವಾರ ಬೆಳಿಗ್ಗೆ ಬಾರ್ಸಿಲೋನಾದ ಚರ್ಚಿನ ಮುಂದೆ ಜನ ಕೈ ಕೈ ಹಿಡಿದು ವೃತ್ತ ಕಟ್ಟಿ ಸಾರ್ದಾನಾ ಕುಣಿಯುತ್ತಾರೆ. ವಯಸ್ಸಾದವರೇ ಜಾಸ್ತಿ. ಕೈಚೀಲಗಳನ್ನೆಲ್ಲ ವೃತ್ತದ ಮಧ್ಯೆ ರಾಶಿ ಹಾಕಿ, ಶೂ ಕಳಚಿ, ಚೀಲದಿಂದ ಎಸ್ಪರ್ದೆನ್ಯಾ ತೆಗೆದು, ಉದ್ದ ಲಾಡಿಗಳನ್ನು ಕಣಕಾಲಿಗೆ ಸುತ್ತಿ ಕಟ್ಟಿಕೊಳ್ಳುತ್ತಾರೆ. ನಮ್ಮಲ್ಲಿ ಗೆಜ್ಜೆ ಕಟ್ಟುವವರ ಮುಖದಲ್ಲಿ ಬರುವ ಒಂದು ನಿಗಾ ಇರುತ್ತದಲ್ಲ, ಲಾಡಿ ಕಟ್ಟುವಾಗ ಅವರ ಮುಖದಲ್ಲೂ ಅದೇ. ಅಲ್ಲಿನ ಪೊಲೀಸರು, ಮೊಸ್ಸೊಸ್ ಅನ್ನುತ್ತಾರೆ, ಅವರ ಸಮಾರಂಭದ ಉಡುಪಿನಲ್ಲೂ ಈ ಚಪ್ಪಲಿ ಇದೆ. ಟೋಪಿ, ಕೋಟು, ಕಾಲಿಗೆ ಹಗ್ಗದ ಚಪ್ಪಲಿ. ಚಿತ್ರಕಾರ ಸಾಲ್ವದೋರ್ ದಾಲಿಯ ಹಳೆಯ ಫೋಟೋಗಳಲ್ಲೂ ಆ ಲಾಡಿಗಳು ಕಾಣುತ್ತವೆ.

ಇಷ್ಟು ವರ್ಷ ಇದು ಯಾಕೆ ಹೋಗಲಿಲ್ಲ ಅಂತ ನಾನು ಬಹಳ ಯೋಚಿಸಿದ್ದೇನೆ. ತಂಪು, ಹಗುರ, ಅಗ್ಗ ಅಂತ ಎಲ್ಲರೂ ಹೇಳುತ್ತಾರೆ, ಅದೆಲ್ಲ ಸರಿ. ನಾರು ಬೆವರು ಹೀರುತ್ತದೆ, ಬಟ್ಟೆಯಲ್ಲಿ ಗಾಳಿ ಆಡುತ್ತದೆ. ಆದರೆ ನನಗೆ ಅನ್ನಿಸುವುದು ಬೇರೆ. ಇದನ್ನು ಕೈಯಲ್ಲಿ ಹಿಡಿದು ನೋಡಿದರೆ ಇದು ಹೇಗೆ ಆಯಿತು ಅಂತ ಪೂರ್ತಿ ಗೊತ್ತಾಗುತ್ತದೆ. ಇಲ್ಲಿ ಶುರು ಮಾಡಿದ್ದಾರೆ, ಹೀಗೆ ಸುತ್ತಿದ್ದಾರೆ, ಇಲ್ಲಿ ದಾರ ಮುಗಿದಿದೆ, ಇಲ್ಲಿ ಗಂಟು ಹಾಕಿದ್ದಾರೆ. ನಾವು ದಿನಾ ಬಳಸುವ ಎಷ್ಟು ವಸ್ತುಗಳ ಬಗ್ಗೆ ಹೀಗೆ ಹೇಳಬಹುದು? ನನ್ನ ಆಫೀಸಿನ ಶೂ ಒಳಗೆ ಏನಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇದರಲ್ಲಿ ಹೊಲಿದವರ ಕೈ ಕಾಣುತ್ತದೆ. ಒಂದು ಹೊಲಿಗೆ ಸ್ವಲ್ಪ ಉದ್ದ, ಇನ್ನೊಂದು ಗಿಡ್ಡ. ಹೊಲಿಯುವಾಗ ಯಾರೋ ಮಾತಾಡಿಸಿರಬೇಕು. ಇನ್ನೊಂದು, ಅದು ನೆಲವನ್ನು ಕಾಲಿಗೆ ಮುಟ್ಟಿಸುತ್ತದೆ. ಬರಿಗಾಲಲ್ಲಿ ಬೆಳೆದವರಿಗೆ ಶೂ ಹಾಕಿಕೊಂಡು ನಡೆಯುವಾಗ ಏನೋ ಒಂದು ತಪ್ಪಿದ ಹಾಗೆ ಅನ್ನಿಸುತ್ತಿರುತ್ತದೆ, ಅದು ಏನು ಅಂತ ಇದನ್ನು ಹಾಕಿದ ಮೇಲೆ ನನಗೆ ತಿಳಿಯಿತು. ಕಲ್ಲುಹಾಸಿನ ಬೀದಿಯ ಉಬ್ಬುತಗ್ಗು, ಬಿಸಿಲಿಗೆ ಕಾದ ಮೆಟ್ಟಿಲು, ನೆರಳಿಗೆ ಬಂದ ಕೂಡಲೇ ತಂಪು, ಎಲ್ಲ ಗೊತ್ತಾಗುತ್ತದೆ.

ಒಂದೇ ಒಂದು ಶತ್ರು ಅಂದರೆ ನೀರು. ನೆನೆದರೆ ನಾರು ಉಬ್ಬುತ್ತದೆ, ಆಕಾರ ಕೆಡುತ್ತದೆ, ಕೊಳೆಯುತ್ತದೆ. ಅದಕ್ಕೇ ಈಗ ಅಟ್ಟೆಯ ಅಡಿಗೆ ತೆಳ್ಳಗೆ ರಬ್ಬರ್ ಹಚ್ಚುತ್ತಾರೆ. ನಾನು ಹಠಕ್ಕೆ ಬಿದ್ದು ರಬ್ಬರ್ ಇಲ್ಲದ್ದನ್ನೇ ಕೊಂಡಿದ್ದೆ. ಹೋದ ವರ್ಷ ಮೇ ತಿಂಗಳಲ್ಲಿ ಊರಿಗೆ ಬಂದಾಗ ಅದನ್ನೇ ಹಾಕಿಕೊಂಡು ತಿಪಟೂರು ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದು ಹೊರಟೆ. ಅರ್ಧ ದಾರಿಗೆ ಮಳೆ ಹೊಡೆಯಿತು. ನಿಂತುಕೊಳ್ಳಲು ಜಾಗ ಇರಲಿಲ್ಲ, ರಸ್ತೆಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಮನೆ ಮುಟ್ಟುವ ಹೊತ್ತಿಗೆ ಎರಡು ಚಪ್ಪಲಿಯೂ ಎರಡು ಒದ್ದೆ ಬ್ರೆಡ್ಡಿನ ಹಾಗೆ ಆಗಿದ್ದವು. ಒಂದರ ಹಿಮ್ಮಡಿಯ ಹೊಲಿಗೆ ಕಿತ್ತುಬಂದಿತ್ತು. ಅಳು ಬರುವುದೊಂದು ಬಾಕಿ.

ಬಿಸಿಲು ಬಂದ ಮೇಲೆ ಮಹಡಿಯಲ್ಲಿ ಒಣಹಾಕಲು ಹೊರಟೆ. ಅಮ್ಮ ತಡೆದಳು. ‘ನೆಂದ ಗೋಣೀನ ಸುಡು ಬಿಸಿಲಿಗೆ ಹಾಕ್ತಾರೇನೇ? ಸೆಟೆದುಕೊಳ್ಳುತ್ತೆ. ನೆರಳಲ್ಲಿ ನೇತು ಹಾಕು, ಗಾಳಿಗೆ ಒಣಗಲಿ’ ಅಂದಳು. ಈ ಚಪ್ಪಲಿಯನ್ನು ಅವಳು ಅವತ್ತೇ ಮೊದಲ ಸಲ ನೋಡಿದ್ದು. ಬಾರ್ಸಿಲೋನಾದ ಅಂಗಡಿಯವರೂ ನನಗೆ ಇದನ್ನೇ ಹೇಳಿದ್ದರು.

ಮೂರು ದಿನ ಹಿತ್ತಲ ಹಗ್ಗದಲ್ಲಿ ನೇತಾಡಿದವು. ಒಣಗಿದ ಮೇಲೆ ಅಮ್ಮ ಒಂದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಹೆಬ್ಬೆರಳಿನಲ್ಲಿ ಅಂಚಿನ ಚುಕ್ಕಿಗಳನ್ನು ಒಂದೊಂದಾಗಿ ಒತ್ತಿದಳು. ‘ಅಡ್ಡಕ್ಕೆ ತೂರಿಸಿದ್ದಾರೆ ಅಲ್ವಾ, ಈ ಕಡೆಯಿಂದ ಆ ಕಡೆಗೆ. ಉದ್ದ ದಬ್ಬಣ ಬೇಕು ಇದಕ್ಕೆ’ ಅಂದವಳೇ ಒಳಗೆ ಹೋದಳು. ದೇವರ ಮನೆಯ ಅಟ್ಟದ ಮೇಲಿದ್ದ ತಗಡಿನ ಡಬ್ಬಿಯಲ್ಲಿ ತಾತನ ದಬ್ಬಣ ಇತ್ತು. ತಾತ ಹೋಗಿ ಹನ್ನೊಂದು ವರ್ಷ. ಅದು ಇನ್ನೂ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ತುಕ್ಕು ಹಿಡಿದಿತ್ತು. ಅಮ್ಮ ಕೊಬ್ಬರಿ ಎಣ್ಣೆ ಸವರಿ ಒರೆಸಿದಳು. ಗೋಣಿ ದಾರ ಮನೆಯಲ್ಲಿ ಇರಲಿಲ್ಲ, ಅಂಗಡಿಗೆ ಹೋಗುತ್ತೇನೆ ಅಂದೆ, ಬೇಡ ಅಂತ ಹಳೇ ಮಂಚದ ನವಾರಿನಿಂದ ಒಂದು ನೀಲಿ ಎಳೆ ಕಿತ್ತುಕೊಂಡಳು. ಹಿಮ್ಮಡಿಯ ಬಟ್ಟೆಯನ್ನು ಅಟ್ಟೆಗೆ ಒತ್ತಿ ಹಿಡಿದು ಏಳು ಹೊಲಿಗೆ ಹಾಕಿದಳು. ಪ್ರತಿ ಸಲ ಎಳೆದು ಬಿಗಿ ಮಾಡುವಾಗ ಕಿರ್ ಅಂತಿತ್ತು.

ಈಗ ಮತ್ತೆ ಜೂನ್. ಆ ಜೊತೆಯನ್ನೇ ಹಾಕಿಕೊಂಡು ಓಡಾಡುತ್ತಿದ್ದೇನೆ. ಇಷ್ಟು ದಿನ ಹಾಕಿದರೂ ಅದಕ್ಕೆ ಎಡಬಲ ಪೂರ್ತಿ ಕೂತಿಲ್ಲ. ಮಳೆಯಲ್ಲಿ ನೆಂದು ಕಲಿತದ್ದೆಲ್ಲ ಮರೆತುಬಿಟ್ಟಿದೆ ಅಂತ ಕಾಣುತ್ತದೆ. ಬೆಳಿಗ್ಗೆ ಗಡಿಬಿಡಿಯಲ್ಲಿ ಕಾಲು ತೂರಿಸಿ ಹೊರಟರೆ ಅಮ್ಮನ ನೀಲಿ ಹೊಲಿಗೆ ಒಂದು ದಿನ ಎಡಗಾಲಿಗೆ ಬಂದಿರುತ್ತದೆ, ಒಂದು ದಿನ ಬಲಗಾಲಿಗೆ.